ಹಳದಿ ದೀಪದ ಭಾಷೆ ನಮ್ಮ ಗ್ಯಾರೇಜಿಗೂ ಗೊತ್ತಾಗಲಿ

ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹತ್ತಿತು ಅಂದರೆ ನಮ್ಮ ಕಡೆ ಗಾಡಿ ಮಾಲೀಕರು ಮೂರರಲ್ಲಿ ಒಂದು ಕೆಲಸ ಮಾಡುತ್ತಾರೆ. ಕೆಲವರು ಅದರ ಮೇಲೆ ಕರಿ ಟೇಪ್ ಅಂಟಿಸಿ ಓಡಿಸುತ್ತಾರೆ. ಕೆಲವರು ಬ್ಯಾಟರಿ ವೈರ್ ಬಿಚ್ಚಿ, ಹತ್ತು ನಿಮಿಷ ಬಿಟ್ಟು, ಮತ್ತೆ ಹಾಕುತ್ತಾರೆ. ದೀಪ ಆರುತ್ತದೆ, ಎರಡು ದಿನ ಬಿಟ್ಟು ಮತ್ತೆ ಹತ್ತುತ್ತದೆ. ಉಳಿದವರು ಕಂಪನಿ ಶೋರೂಮ್ ಹುಡುಕಿಕೊಂಡು ಬಾಗಲಕೋಟೆಗೋ ವಿಜಯಪುರಕ್ಕೋ ಬೆಳಗಾವಿಗೋ ಹೋಗುತ್ತಾರೆ. ಅಲ್ಲಿ ಲ್ಯಾಪ್‌ಟಾಪ್ ಹಚ್ಚಿ ನೋಡುವ ಹೊತ್ತು ಕಡಿಮೆ, ಸರದಿ ಕಾಯುವ ಹೊತ್ತು ಜಾಸ್ತಿ. ಬಾಡಿಗೆ ಗಾಡಿಯಾಗಿದ್ದರೆ ಆ ದಿನದ ದುಡಿಮೆ ಹೋಯಿತು. ಲೋನಿನ ಕಂತು ಮಾತ್ರ ನಿಲ್ಲುವುದಿಲ್ಲ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕೂ ತಾಲ್ಲೂಕುಗಳ ಬದುಕು ಗಾಲಿಯ ಮೇಲೆ ನಿಂತಿದೆ. ಕಬ್ಬು ಕಾರ್ಖಾನೆಗೆ ಹೋಗಬೇಕು, ಬೆಲ್ಲ ಮಹಾಲಿಂಗಪುರ ಪೇಟೆಗೆ ಹೋಗಬೇಕು, ಬನಹಟ್ಟಿಯ ಮಗ್ಗದ ಸೀರೆ ಗಂಟು ಊರೂರಿಗೆ ಹೋಗಬೇಕು. ಪಿಕಪ್, ಕ್ರೂಸರ್, ಟಾಟಾ ಏಸ್, ಟಂಟಂ ನಿಂತರೆ ಒಂದು ಮನೆಯ ಒಲೆಯ ಮೇಲೆ ಅದರ ಪರಿಣಾಮ ಕಾಣುತ್ತದೆ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಆ ದೀಪ ಏನು ಹೇಳುತ್ತಿದೆ ಎಂದು ಓದುವ ಸಾಮಾನು ಇವತ್ತು ಸಾವಿರ ರೂಪಾಯಿ ಒಳಗೆ ಸಿಗುತ್ತದೆ. ಓದುವ ಆ್ಯಪ್ ಪುಕ್ಕಟೆ ಇದೆ, ಅದೂ ಮುಕ್ತ ತಂತ್ರಾಂಶ. ನಮ್ಮ ಊರ ಪ್ರತಿ ಗ್ಯಾರೇಜಿನಲ್ಲಿ ಅದು ಇರಬೇಕು. ಸಾಮಾನು ಬದಲಿಸುವ ಮುಂಚೆ ಕೋಡ್ ನೋಡುವುದು ನಮ್ಮಲ್ಲಿ ರೂಢಿಯಾಗಬೇಕು.

ದೀಪದ ಹಿಂದೆ ಏನಿದೆ

ಈಗಿನ ಗಾಡಿಯ ಎಂಜಿನ್‌ಗೆ ಒಂದು ಸಣ್ಣ ಕಂಪ್ಯೂಟರ್ ಇರುತ್ತದೆ. ಮಿಸ್ತ್ರಿಗಳು ಅದನ್ನು ಇಸಿಎಂ ಅಥವಾ ಇಸಿಯು ಅನ್ನುತ್ತಾರೆ. ಎಂಜಿನ್ ಬಿಸಿ, ಗಾಳಿ, ಡೀಸೆಲ್ ಒತ್ತಡ, ಹೊಗೆ ಇವನ್ನೆಲ್ಲ ಸೆನ್ಸರ್‌ಗಳು ಅದಕ್ಕೆ ಹೇಳುತ್ತಿರುತ್ತವೆ. ಲೆಕ್ಕ ತಪ್ಪಿದರೆ ಅದು ಒಂದು ಕೋಡ್ ಬರೆದಿಟ್ಟುಕೊಂಡು ಹಳದಿ ದೀಪ ಹಚ್ಚುತ್ತದೆ. ಈ ವ್ಯವಸ್ಥೆಗೆ ಒಬಿಡಿ ಅಂತ ಹೆಸರು. ಗಾಡಿ ತನ್ನ ರೋಗವನ್ನು ತಾನೇ ಗುರುತಿಸಿಕೊಳ್ಳುವ ಏರ್ಪಾಡು ಅಂದುಕೊಳ್ಳಿ.

ಇದು ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಹೊಗೆಯ ಕಾಟ ತಡೆಯಲಿಕ್ಕೆ. 1996ರಿಂದ ಅಮೆರಿಕದಲ್ಲಿ ಮಾರುವ ಎಲ್ಲ ಕಾರುಗಳಿಗೂ ಒಂದೇ ಬಗೆಯ, 16 ಪಿನ್ನಿನ ಸಾಕೆಟ್ ಇರಬೇಕು, ಮುಖ್ಯ ಕೋಡ್‌ಗಳು ಎಲ್ಲ ಕಂಪನಿಗೂ ಒಂದೇ ಇರಬೇಕು ಎಂದು ಕಡ್ಡಾಯವಾಯಿತು. ನಮ್ಮಲ್ಲಿ ಬಿಎಸ್4 ನಿಯಮ 2017ರ ಏಪ್ರಿಲ್‌ನಲ್ಲಿ ಇಡೀ ದೇಶಕ್ಕೆ ಬಂತು, ಬಿಎಸ್6 ನಿಯಮ 2020ರ ಏಪ್ರಿಲ್ 1ರಂದು ಬಂತು. ಈ ಅವಧಿಯಲ್ಲಿ ಕೊಂಡ ಕಾರು ನಿಮ್ಮದಾಗಿದ್ದರೆ ಸ್ಟಿಯರಿಂಗ್ ಕೆಳಗೆ ಬಗ್ಗಿ ನೋಡಿ. ಒಂದು ಅಗಲವಾದ ಸಾಕೆಟ್ ಕಾಣುತ್ತದೆ. ಅದೇ ಬಾಯಿ. ಗಾಡಿ ಮಾತಾಡುವುದು ಅಲ್ಲಿಂದ.

ಆ ಸಾಕೆಟ್‌ಗೆ ಹಚ್ಚುವ ಬೆಂಕಿಪೊಟ್ಟಣದಷ್ಟು ಗಾತ್ರದ ಅಡಾಪ್ಟರ್‌ಗೆ ಇಎಲ್‌ಎಂ327 ಎನ್ನುತ್ತಾರೆ. ಅದು ಬ್ಲೂಟೂತ್ ಮೂಲಕ ಫೋನಿಗೆ ಸುದ್ದಿ ಕಳಿಸುತ್ತದೆ. ಮೂಲ ಚಿಪ್ ಮಾಡಿದ್ದು ಕೆನಡಾದ ಒಂದು ಪುಟ್ಟ ಕಂಪನಿ. ಮೊದಲ ಚಿಪ್‌ಗೆ ನಕಲು ಆಗದಂತೆ ಬೀಗ ಹಾಕಿರಲಿಲ್ಲ, ಹಾಗಾಗಿ ಪೇಟೆಯ ತುಂಬ ನಕಲು ಬಂದವು. ಮೂಲ ಕಂಪನಿ 2022ರಲ್ಲಿ ಅಂಗಡಿ ಮುಚ್ಚಿತು. ಈಗ ಆನ್‌ಲೈನಿನಲ್ಲಿ ನಿಮಗೆ ಅಗ್ಗಕ್ಕೆ ಸಿಗುವುದೆಲ್ಲ ನಕಲೇ. ಬಹಳಷ್ಟು ಕೆಲಸ ಮಾಡುತ್ತವೆ, ಕೆಲವು ಅರ್ಧಕ್ಕೇ ಕೈ ಕೊಡುತ್ತವೆ. ಕೊಳ್ಳುವಾಗ ವಾಪಸ್ ಮಾಡುವ ಅವಕಾಶ ಇದೆಯೇ ಎಂದು ನೋಡಿಕೊಂಡೇ ಕೊಳ್ಳಿ.

ಮುಕ್ತ ತಂತ್ರಾಂಶ ಅಂದರೆ ನಮ್ಮ ಬ್ಯಾರೇಜ್ ಇದ್ದಂತೆ

ಫೋನಿನಲ್ಲಿ ಕೋಡ್ ಓದುವ ಆ್ಯಪ್‌ಗಳು ಬೇಕಾದಷ್ಟಿವೆ. ಬಹುತೇಕವು ಮೊದಲು ಪುಕ್ಕಟೆ ಎನ್ನುತ್ತವೆ, ಆಮೇಲೆ ಜಾಹೀರಾತು ತೋರಿಸುತ್ತವೆ, ಮುಖ್ಯವಾದದ್ದನ್ನು ನೋಡಬೇಕೆಂದರೆ ದುಡ್ಡು ಕಟ್ಟಿ ಅನ್ನುತ್ತವೆ. ಮುಕ್ತ ತಂತ್ರಾಂಶದ ದಾರಿ ಬೇರೆ. ಅದನ್ನು ಹೇಗೆ ಬರೆದಿದ್ದಾರೆ ಎಂಬುದು ಎಲ್ಲರಿಗೂ ತೆರೆದಿರುತ್ತದೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು.

ಇದು ನಮಗೆ ಹೊಸ ವಿಚಾರ ಅಲ್ಲ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ ಬ್ಯಾರೇಜ್ ನೆನೆಸಿಕೊಳ್ಳಿ. ಸರ್ಕಾರ ಕಟ್ಟಲಿ ಎಂದು ಕಾದು ಸಾಕಾಗಿ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರೇ ದುಡ್ಡು ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಅದನ್ನು ಕಟ್ಟಿ ನಿಲ್ಲಿಸಿದರು. ಶ್ರಮಬಿಂದು ಸಾಗರ ಎಂಬ ಹೆಸರೇ ಆ ಕತೆ ಹೇಳುತ್ತದೆ. ಮುಕ್ತ ತಂತ್ರಾಂಶವೂ ಹಾಗೆಯೇ. ಒಬ್ಬೊಬ್ಬರು ಒಂದೊಂದು ಕಲ್ಲು ಹೊತ್ತು ಕಟ್ಟುತ್ತಾರೆ, ನೀರು ಎಲ್ಲರ ಹೊಲಕ್ಕೆ ಹೋಗುತ್ತದೆ.

ಇಂಥ ಆ್ಯಪ್‌ಗಳಲ್ಲಿ ನಮ್ಮ ಕೆಲಸಕ್ಕೆ ನೇರವಾಗಿ ಬರುವುದು ಆಂಡ್ರ್‌ಒಬಿಡಿ. ಇಂಗ್ಲಿಷಿನಲ್ಲಿ ಆಂಡ್ರಾಯ್ಡ್ ಪದದ ಮೊದಲ ನಾಲ್ಕು ಅಕ್ಷರ, ಅದಕ್ಕೆ ಅಂಟಿಕೊಂಡೇ ಒ-ಬಿ-ಡಿ ಎಂದು ಬರೆದು ಹುಡುಕಿ. ಮುಕ್ತ ಆ್ಯಪ್‌ಗಳ ಭಂಡಾರವಾದ ಎಫ್-ಡ್ರಾಯ್ಡ್‌ನಲ್ಲಿ ಅದು ಇದೆ. ದುಡ್ಡಿಲ್ಲ, ಜಾಹೀರಾತಿಲ್ಲ. ಗಾಡಿ ಉಳಿಸಿಟ್ಟ ಕೋಡ್ ಓದುತ್ತದೆ, ಎಂಜಿನ್ ಬಿಸಿ ಮತ್ತು ಆರ್‌ಪಿಎಂ ಅನ್ನು ಆಗಿಂದಾಗ ತೋರಿಸುತ್ತದೆ. ದೋಷ ಬಂದ ಗಳಿಗೆಯಲ್ಲಿ ಗಾಡಿ ಎಷ್ಟು ವೇಗದಲ್ಲಿತ್ತು, ಎಂಜಿನ್ ಎಷ್ಟು ಕಾದಿತ್ತು ಎಂದು ಗಾಡಿ ಬರೆದಿಟ್ಟುಕೊಂಡ ಚಿತ್ರವನ್ನೂ ಓದುತ್ತದೆ.

ಡಿಪ್ಲೊಮಾ, ಐಟಿಐ ಓದುವ ಹುಡುಗರಿಗೆ ಪೈಥಾನ್-ಒಬಿಡಿ ಎಂಬ ಇನ್ನೊಂದು ಸಾಧನ ಇದೆ. ಹಳೇ ಲ್ಯಾಪ್‌ಟಾಪ್ ಇದ್ದರೆ ಹತ್ತು ಸಾಲಿನ ಪ್ರೋಗ್ರಾಂ ಬರೆದು ಗಾಡಿಯ ವೇಗ, ಬಿಸಿ ಓದಿಸಬಹುದು. ಲಿನಕ್ಸ್‌ನಲ್ಲಿ ಗಾಡಿಯ ಒಳಜಾಲದ ಜೊತೆ ಮಾತಾಡುವ ಸಾಕೆಟ್‌ಕ್ಯಾನ್ ಎಂಬ ಭಾಗವನ್ನು ಮುಕ್ತವಾಗಿ ಕೊಟ್ಟವರು ಫೋಕ್ಸ್‌ವ್ಯಾಗನ್ ಕಂಪನಿಯ ಸಂಶೋಧಕರು. ಕಾರು ಕಂಪನಿಯವರೇ ಮುಕ್ತ ಸಾಧನದಿಂದ ಕೆಲಸ ಮಾಡುತ್ತಾರೆಂದ ಮೇಲೆ ನಮ್ಮ ಮಿಸ್ತ್ರಿಗಳು ಯಾಕೆ ಹಿಂಜರಿಯಬೇಕು?

ಕೋಡ್ ಗೊತ್ತಾದರೆ ಏನು ಉಳಿಯುತ್ತದೆ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಡೀಸೆಲ್ ಪಿಕಪ್ ಒಂದು ಲೋಡ್ ಹಾಕಿದಾಗ ಏರು ಹತ್ತುತ್ತಿಲ್ಲ, ದಮ್ಮು ಇಲ್ಲದಂತೆ ಆಡುತ್ತಿದೆ. ಹಳದಿ ದೀಪ ಹತ್ತಿದೆ. ಕೋಡ್ ನೋಡಿದರೆ ಪಿ0087. ಅದರ ಅರ್ಥ, ಇಂಜೆಕ್ಟರ್‌ಗೆ ಡೀಸೆಲ್ ಕೊಡುವ ರೈಲಿನಲ್ಲಿ ಒತ್ತಡ ಕಡಿಮೆ. ಇದಕ್ಕೆ ಕಾರಣ ದೊಡ್ಡ ಪಂಪ್ ಕೆಟ್ಟದ್ದೂ ಇರಬಹುದು, ಡೀಸೆಲ್ ಫಿಲ್ಟರ್ ಕಟ್ಟಿದ್ದೂ ಇರಬಹುದು, ಪೈಪಿನಲ್ಲಿ ಗಾಳಿ ಹೊಕ್ಕದ್ದೂ ಇರಬಹುದು. ಕ್ಯಾನಿನಲ್ಲಿ ತಂದು ಸುರಿಯುವ ಡೀಸೆಲ್‌ನಲ್ಲಿ ಧೂಳು, ನೀರು ಸೇರುವುದು ನಮ್ಮ ಕಡೆ ಹೊಸದಲ್ಲ. ಹಾಗಿದ್ದಾಗ ಮೊದಲು ನೋಡಬೇಕಾದ್ದು ಫಿಲ್ಟರ್. ಫಿಲ್ಟರ್‌ನ ರೇಟಿಗೂ ಪಂಪಿನ ರೇಟಿಗೂ ಅಜಗಜಾಂತರ. ಕೋಡ್ ಗೊತ್ತಿಲ್ಲದ ಮಾಲೀಕ ಯಾರು ಏನು ಹೇಳಿದರೂ ಹೂಂ ಅನ್ನಬೇಕಾಗುತ್ತದೆ. ಕೋಡ್ ಗೊತ್ತಿದ್ದವನು, 'ಅಣ್ಣಾ, ಮೊದಲ ಫಿಲ್ಟರ್ ಹಾಕಿ ನೋಡೋಣು, ಆಮ್ಯಾಲ ಪಂಪಿನ ಮಾತು' ಅನ್ನಬಲ್ಲ.

ಇಲ್ಲಿ ಒಂದು ಎಚ್ಚರ. ಕೋಡ್ ಎಂದರೆ ತೀರ್ಪಲ್ಲ, ಅದು ದೂರು. ಪಿ0420 ಬಂತೆಂದರೆ ಸೈಲೆನ್ಸರ್ ಕಡೆಯ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಇಸಿಯುಗೆ ಅನಿಸಿದೆ. ನಿಜವಾಗಿ ಕೆಟ್ಟದ್ದು ಆಕ್ಸಿಜನ್ ಸೆನ್ಸರ್ ಇರಬಹುದು, ಸೈಲೆನ್ಸರ್ ಪೈಪಿನಲ್ಲಿ ತೂತು ಇರಬಹುದು. ದುಬಾರಿ ಕನ್ವರ್ಟರ್ ಬದಲಿಸುವ ಮುಂಚೆ ಇವೆರಡನ್ನೂ ನೋಡಬೇಕು. ಎಂಜಿನ್ ದನಿ ಕೇಳಿಯೇ ರೋಗ ಹೇಳುವ ನಮ್ಮ ಹಳೇ ಮಿಸ್ತ್ರಿಗಳ ಅನುಭವ ಬೇಕಾಗುವುದು ಇಲ್ಲಿಯೇ. ಅವರ ಕಿವಿಗೆ ಈ ಕೋಡ್ ಸೇರಿದರೆ ಶೋರೂಮಿನ ಲ್ಯಾಪ್‌ಟಾಪಿಗಿಂತ ಒಂದು ಕೈ ಮೇಲೇ ಆಗುತ್ತಾರೆ.

ಪದೇಪದೇ ಕಾಣುವ ಕೆಲವು ಕೋಡ್‌ಗಳು ಇಲ್ಲಿವೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಪಿ0087: ಇಂಧನ ರೈಲಿನಲ್ಲಿ ಒತ್ತಡ ಕಡಿಮೆ. ಮೊದಲು ಫಿಲ್ಟರ್, ಪೈಪ್ ನೋಡಿ.

ಪಿ0118: ಎಂಜಿನ್ ಬಿಸಿ ಅಳೆಯುವ ಸೆನ್ಸರ್‌ನ ಸರ್ಕಿಟ್ ದೋಷ. ವೈರ್ ಕಡಿದಿದೆಯೇ, ಕಪ್ಲರ್ ಸಡಿಲಾಗಿದೆಯೇ ನೋಡಿ. ಇಲಿ ಕಡಿದ ವೈರ್ ಕೂಡ ಇಂಥ ಕೋಡ್ ಕೊಡುತ್ತದೆ.

ಪಿ0171: ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಗಾಳಿ ಪೈಪ್ ಸೀಳಿದೆಯೇ ನೋಡಿ.

ಪಿ0300: ಎಂಜಿನ್ ಮಿಸ್ ಹೊಡೆಯುತ್ತಿದೆ. 0301 ಬಂದರೆ ಒಂದನೇ ಸಿಲಿಂಡರ್, 0302 ಬಂದರೆ ಎರಡನೆಯದು.

ಪಿ0335: ಕ್ರ್ಯಾಂಕ್ ಸೆನ್ಸರ್ ಸರ್ಕಿಟ್. ಗಾಡಿ ಚಾಲೂ ಆಗದೆ ಇರಲು ಇದೂ ಒಂದು ಕಾರಣ.

ಪಿ0562: ವೋಲ್ಟೇಜ್ ಕಡಿಮೆ. ಬ್ಯಾಟರಿ, ಆಲ್ಟರ್ನೇಟರ್, ಬೆಲ್ಟ್ ನೋಡಿ.

ಪಿ2463: ಬಿಎಸ್6 ಡೀಸೆಲ್ ಗಾಡಿಯ ಡಿಪಿಎಫ್‌ನಲ್ಲಿ ಮಸಿ ತುಂಬಿದೆ.

ಈ ಕೊನೆಯದು ನಮ್ಮವರನ್ನು ಬಹಳ ಕಾಡುವಂಥದ್ದು. ಡಿಪಿಎಫ್ ಅಂದರೆ ಹೊಗೆಯ ಮಸಿ ಹಿಡಿದಿಡುವ ಜಾಲರಿ. ಆ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಸ್ವಲ್ಪ ಹೊತ್ತು ಒಂದೇ ಸಮನೆ, ಬಿಸಿಯಾಗಿ ಓಡಬೇಕು. ಊರಿಂದ ಪೇಟೆಗೆ, ಪೇಟೆಯಿಂದ ಊರಿಗೆ ಐದಾರು ಕಿಲೋಮೀಟರ್ ಓಡಾಡುವ ಗಾಡಿಗೆ ಆ ಅವಕಾಶ ಸಿಗುವುದಿಲ್ಲ. ಮಸಿ ಕಟ್ಟುತ್ತಾ ಹೋಗುತ್ತದೆ. ಇದು ಮೊದಲೇ ಗೊತ್ತಾದರೆ ಕೈಪಿಡಿಯಲ್ಲಿ ಹೇಳಿದ ಹಾಗೆ ಹೆದ್ದಾರಿಯಲ್ಲಿ ಒಂದು ಓಟ ಓಡಿಸಿ ಸರಿಮಾಡಿಕೊಳ್ಳಬಹುದು. ಟೇಪ್ ಅಂಟಿಸಿ ಕೂತರೆ ಜಾಲರಿಯೇ ಬದಲಿಸುವ ಕಾಲ ಬರುತ್ತದೆ.

ಎಲ್ಲಿ ನಡೆಯುವುದಿಲ್ಲ

ಇದೇನು ಎಲ್ಲ ರೋಗಕ್ಕೂ ಮದ್ದಲ್ಲ, ಅದನ್ನೂ ಹೇಳಿಬಿಡುತ್ತೇನೆ.

50 ಎಚ್‌ಪಿ ಒಳಗಿನ ಟ್ರ್ಯಾಕ್ಟರ್‌ಗಳಲ್ಲಿ ಹೆಚ್ಚಿನವು ಈಗಲೂ ಹಳೇ ಮಾದರಿಯ ಮೆಕ್ಯಾನಿಕಲ್ ಪಂಪಿನವು. ಅವಕ್ಕೆ ಕೋಡ್ ಇಲ್ಲ, ಓದುವುದೂ ಇಲ್ಲ. 50 ಎಚ್‌ಪಿ ಮೇಲಿನವುಗಳಿಗೆ 2023ರ ಜನವರಿ 1ರಿಂದ ಟ್ರೆಮ್-4 ಹೊಗೆ ನಿಯಮ ಬಂದಿದೆ, ಅವುಗಳಲ್ಲಿ ಕಂಪ್ಯೂಟರ್ ಬಂದು ಕೂತಿದೆ. ಆದರೆ ಕಾರಿಗೆ ಹಚ್ಚುವ ಅಡಾಪ್ಟರ್ ಅದಕ್ಕೂ ಆಗುತ್ತದೆಂದು ನಂಬಿ ಕೊಳ್ಳಬೇಡಿ.

ಬೈಕುಗಳದ್ದು ಇನ್ನೊಂದು ಗೋಳು. ಬಿಎಸ್6 ಬಂದ ಮೇಲೆ ಸಾಮಾನ್ಯ ಬೈಕಿನಲ್ಲೂ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ಬಂತು, ಹಳದಿ ದೀಪವೂ ಬಂತು. ಆದರೆ ಸಾಕೆಟ್ ಕಾರಿನಂಥದ್ದಲ್ಲ. ಸೀಟಿನ ಕೆಳಗೋ ಪಕ್ಕದ ಕವರಿನ ಒಳಗೋ ಸಣ್ಣ ಕಪ್ಲರ್ ಇರುತ್ತದೆ, ಅದಕ್ಕೆ ಬೇರೆ ಕೇಬಲ್ ಬೇಕು. ಕೇಬಲ್ ಸಿಕ್ಕರೂ ಕೆಲವು ಬೈಕುಗಳು ಮುಕ್ತ ಆ್ಯಪ್ ಜೊತೆ ಮಾತಾಡುವುದಿಲ್ಲ. ಕೆಲವು ಬೈಕುಗಳಲ್ಲಿ ಮಾತ್ರ ದೀಪವೇ ಮಿಣುಕಿ ಸಂಖ್ಯೆ ಹೇಳುತ್ತದೆ. ಉದ್ದ ಮಿಣುಕಿಗೆ ಹತ್ತು, ಗಿಡ್ಡ ಮಿಣುಕಿಗೆ ಒಂದು ಎಂದು ಎಣಿಸುವ ಪದ್ಧತಿ ಅದು.

ಕಾರಿನಲ್ಲೂ ಏರ್‌ಬ್ಯಾಗ್, ಎಬಿಎಸ್, ಕೀಲಿ ಇವು ಸಾಮಾನ್ಯವಾಗಿ ಇದಕ್ಕೆ ಸಿಗುವುದಿಲ್ಲ. ಪಿ ಅಕ್ಷರದ ಪಕ್ಕ ಸೊನ್ನೆ ಇದ್ದರೆ ಅದು ಎಲ್ಲ ಕಂಪನಿಗೂ ಒಂದೇ ಅರ್ಥದ ಕೋಡ್. ಒಂದು ಇದ್ದರೆ ಆ ಕಂಪನಿಯ ಸ್ವಂತ ಕೋಡ್, ಅರ್ಥ ಕಂಪನಿಗೇ ಗೊತ್ತು.

ಇನ್ನು ಬಳಸುವಾಗ ಮೂರು ಮಾತು ನೆನಪಿರಲಿ. ಕೋಡ್ ಓದುವುದರಿಂದ ಗಾಡಿಯಲ್ಲಿ ಏನೂ ಬದಲಾಗುವುದಿಲ್ಲ, ಆದರೆ ಬರೆದಿಟ್ಟುಕೊಳ್ಳದೆ ಅಳಿಸಬೇಡಿ. ಅಳಿಸಿದರೆ ದೋಷದ ಸಾಕ್ಷಿಯೂ ಹೋಗುತ್ತದೆ. ಕೆಲಸ ಮುಗಿದ ಮೇಲೆ ಅಡಾಪ್ಟರ್ ಕಿತ್ತಿಡಿ, ಹಾಗೇ ಬಿಟ್ಟರೆ ಬ್ಯಾಟರಿ ಇಳಿಯುತ್ತದೆ. ಗಾಡಿ ಓಡಿಸುತ್ತಾ ಫೋನ್ ನೋಡಬೇಡಿ.

ಕಂಪನಿಯ ಬೀಗ

ನಮ್ಮ ಮಿಸ್ತ್ರಿಗಳಿಗೆ ಇದೆಲ್ಲ ಇಷ್ಟು ದಿನ ಯಾಕೆ ಸಿಗಲಿಲ್ಲ? ಜಾಣತನ ಕಡಿಮೆ ಇತ್ತೆಂದಲ್ಲ. ಬಾಗಿಲಿಗೆ ಬೀಗ ಹಾಕಿದ್ದರು.

ಇದು ನಾನು ಹೇಳುವ ಮಾತಲ್ಲ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ₹2,544.65 ಕೋಟಿ ದಂಡ ಹಾಕಿತು. ಬಿಡಿಭಾಗ, ರಿಪೇರಿ ಮಾಹಿತಿ, ತಪಾಸಣೆಯ ಉಪಕರಣ ಇವು ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಕಂಪನಿಗಳು ತಡೆದಿವೆ, ಇದರಿಂದ ಗಿರಾಕಿಗಳಿಗೂ ಸಣ್ಣ ಗ್ಯಾರೇಜಿನವರಿಗೂ ಅನ್ಯಾಯ ಎಂದು ಹೇಳಿತು. ಇವೆಲ್ಲ ಹೊರಗಿನವರಿಗೂ ಸಿಗುವಂತೆ ಮಾಡಿ ಎಂದು ಆದೇಶಿಸಿತು. ಕಂಪನಿಗಳು ಮೇಲ್ಮನವಿ ಹೋದವು. 2016ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ತನ್ನ ಮುಂದಿದ್ದ ಕಂಪನಿಗಳ ದಂಡ ಇಳಿಸಿತು, ಆದರೆ ತಪ್ಪು ನಡೆದಿದೆ ಎಂಬ ಮಾತು ಎತ್ತಿಹಿಡಿಯಿತು.

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದು ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ವಾಹನಗಳೂ ಇವೆ, ಕೃಷಿ ಉಪಕರಣಗಳೂ ಇವೆ. ಅದೇ ಡಿಸೆಂಬರ್‌ನಲ್ಲಿ ಒಂದು ಪೋರ್ಟಲ್ ಕೂಡ ಬಂತು. ಆದರೆ ಪೋರ್ಟಲ್ ಬೇರೆ, ಕಾನೂನು ಬೇರೆ. ಅಮೆರಿಕದ ಕೊಲೊರಾಡೊ ರಾಜ್ಯ 2023ರಲ್ಲಿ ರೈತರಿಗೆ ತಮ್ಮ ಟ್ರ್ಯಾಕ್ಟರ್ ತಾವೇ ರಿಪೇರಿ ಮಾಡಿಕೊಳ್ಳುವ ಹಕ್ಕನ್ನು ಕಾನೂನಾಗಿಯೇ ಮಾಡಿತು. ಟ್ರ್ಯಾಕ್ಟರ್ ಕಂಪನಿಯ ಸಾಫ್ಟ್‌ವೇರ್ ಬೀಗಕ್ಕೆ ಬೇಸತ್ತ ರೈತರು ವರ್ಷಗಟ್ಟಲೆ ಕೂಗಿದ ಮೇಲೆ ಬಂದ ಕಾನೂನು ಅದು. ನಮ್ಮಲ್ಲಿ ಕಂಪ್ಯೂಟರ್ ಇರುವ ಟ್ರ್ಯಾಕ್ಟರ್ ಈಗಷ್ಟೇ ಹೊಲಕ್ಕೆ ಇಳಿಯುತ್ತಿವೆ. ಕೂಗಬೇಕಾದ ಹೊತ್ತು ಇದೇ.

ಕಂಪನಿಯವರದ್ದೂ ಒಂದು ವಾದ ಇದೆ. ಎಲ್ಲರ ಕೈಗೆ ಸಾಧನ ಕೊಟ್ಟರೆ ಹೊಗೆಯ ವ್ಯವಸ್ಥೆಯನ್ನೇ ಬಂದ್ ಮಾಡಿಬಿಡುತ್ತಾರೆ, ಗಾಡಿಯ ಸುರಕ್ಷತೆ ಕೆಡುತ್ತದೆ ಅನ್ನುತ್ತಾರೆ. ಈ ಮಾತು ಪೂರ್ತಿ ಸುಳ್ಳಲ್ಲ. ಡಿಪಿಎಫ್ ತೆಗೆದು ಸಾಫ್ಟ್‌ವೇರ್ ತಿದ್ದಿಕೊಡುವವರು ಇದ್ದಾರೆ. ಅದು ಕಾನೂನಿಗೆ ವಿರುದ್ಧ, ಅದರ ಹೊಗೆ ಕುಡಿಯುವವರು ನಮ್ಮ ಮಕ್ಕಳೇ. ಆದರೆ ರೋಗ ಓದುವುದೇ ಬೇರೆ, ಗಾಡಿಯ ಮೆದುಳು ತಿದ್ದುವುದೇ ಬೇರೆ. ಒಬ್ಬ ಕಳ್ಳ ಚಾಕು ಹಿಡಿದ ಎಂದು ಊರ ಎಲ್ಲ ಅಡುಗೆಮನೆಯ ಚಾಕು ಕಿತ್ತುಕೊಳ್ಳುವುದು ನ್ಯಾಯವಲ್ಲ.

ನಾವು ಮಾಡಬೇಕಾದ್ದು

ಮೊದಲನೆಯದು ಗ್ಯಾರೇಜಿನವರಿಗೆ. ಒಬ್ಬರಿಗೇ ಭಾರ ಅನಿಸಿದರೆ ನಾಲ್ಕು ಗ್ಯಾರೇಜಿನವರು ಕೂಡಿ ಒಂದು ಒಳ್ಳೇ ಅಡಾಪ್ಟರ್ ತೆಗೆದುಕೊಳ್ಳಿ. ಕೋಡ್ ನೋಡಿಕೊಟ್ಟಿದ್ದಕ್ಕೆ ನೂರೋ ನೂರೈವತ್ತೋ ತೆಗೆದುಕೊಳ್ಳಿ, ತಪ್ಪೇನಿಲ್ಲ. ನೋಡಿದ ಕೋಡನ್ನು ಚೀಟಿಯಲ್ಲಿ ಬರೆದು ಗಿರಾಕಿಗೆ ಕೊಡಿ. ಆ ಚೀಟಿ ನಂಬಿಕೆ ಹುಟ್ಟಿಸುತ್ತದೆ, ಶೋರೂಮಿಗೆ ಹೋಗುವ ಗಿರಾಕಿ ಊರಲ್ಲೇ ಉಳಿಯುತ್ತಾನೆ.

ಎರಡನೆಯದು ಐಟಿಐಗಳಿಗೆ. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿದ ಯೋಜನೆ 2022ರ ಜೂನ್‌ನಲ್ಲಿ ಉದ್ಘಾಟನೆ ಆಯಿತು. ದೊಡ್ಡ ದೊಡ್ಡ ಯಂತ್ರ ಬಂದವು, ಒಳ್ಳೆಯದು. ಅದರ ಜೊತೆಗೆ ನಮ್ಮ ನಾಲ್ಕೂ ತಾಲ್ಲೂಕಿನ ಐಟಿಐಗಳಲ್ಲಿ ತಿಂಗಳಿಗೆ ಒಂದು ಭಾನುವಾರ ಊರ ಮಿಸ್ತ್ರಿಗಳನ್ನು ಕರೆದು ಕೋಡ್ ಓದುವುದನ್ನು ಹೇಳಿಕೊಡಲಿ. ಇದಕ್ಕೆ ಕೋಟಿ ಬೇಡ. ಒಂದು ಗಾಡಿ, ಒಂದು ಫೋನ್, ಒಂದು ಅಡಾಪ್ಟರ್ ಸಾಕು. ಪಾಠ ಒಂದೇ ಕಡೆಯಿಂದ ಆಗುವುದೂ ಬೇಡ. ಮೂವತ್ತು ವರ್ಷ ಎಂಜಿನ್ ಬಿಚ್ಚಿದ ಮಿಸ್ತ್ರಿಯಿಂದ ಹುಡುಗರೂ ಕಲಿಯಲಿ.

ಮೂರನೆಯದು ಭಾಷೆ. ಕೋಡ್‌ಗಳ ವಿವರ ಇಂಗ್ಲಿಷಿನಲ್ಲಿ ಬರುತ್ತದೆ, ನಮ್ಮ ಎಷ್ಟೋ ಮಿಸ್ತ್ರಿಗಳು ಅಲ್ಲಿಗೇ ಫೋನ್ ಕೆಳಗಿಡುತ್ತಾರೆ. ಮುಕ್ತ ತಂತ್ರಾಂಶದ ದೊಡ್ಡ ಲಾಭ ಇಲ್ಲಿದೆ. ಅದಕ್ಕೆ ಕನ್ನಡ ಸೇರಿಸಲು ಯಾವ ಕಂಪನಿಯ ಅಪ್ಪಣೆಯೂ ಬೇಡ. ಫೈರ್‌ಫಾಕ್ಸ್ ಬ್ರೌಸರ್ ಕನ್ನಡದಲ್ಲಿ ಬಂದದ್ದು ಹೀಗೆ ಸ್ವಯಂಸೇವಕರ ದುಡಿಮೆಯಿಂದಲೇ. ನೂರು ಮುಖ್ಯ ಕೋಡ್‌ಗಳನ್ನು ಗ್ಯಾರೇಜಿನ ಕನ್ನಡದಲ್ಲಿ ಬರೆಯುವುದು ನಮ್ಮ ಕಾಲೇಜು ಹುಡುಗರಿಗೆ ಒಂದು ರಜೆಯ ಕೆಲಸ. ಆದರೆ ಪುಸ್ತಕದ ಕನ್ನಡ ಬೇಡ. ಮಿಸ್ತ್ರಿ ಇಂಜೆಕ್ಟರ್ ಅಂದರೆ ಇಂಜೆಕ್ಟರ್ ಎಂದೇ ಇರಲಿ.

ಕೊನೆಯದು ನಮಗೆಲ್ಲ, ಗಾಡಿ ಇರುವವರಿಗೆ. ಸಾಮಾನು ಬದಲಿಸಬೇಕು ಎಂದು ಯಾರೇ ಹೇಳಲಿ, ಊರ ಗ್ಯಾರೇಜೇ ಇರಲಿ, ದೊಡ್ಡ ಶೋರೂಮೇ ಇರಲಿ, ಮೊದಲು ಒಂದೇ ಪ್ರಶ್ನೆ ಕೇಳಿ: 'ಕೋಡ್ ಏನ್ ಬಂದೈತ್ರೀ? ಬರದು ಕೊಡ್ರಿ.' ಗಾಡಿ ನಿಮ್ಮದು, ಕಂತು ಕಟ್ಟುವವರು ನೀವು. ಅದು ಏನು ಹೇಳುತ್ತಿದೆ ಎಂದು ಕೇಳುವ ಹಕ್ಕೂ ನಿಮ್ಮದೇ. ಕಬ್ಬಿನ ಹಂಗಾಮು ಶುರುವಾಗಿ ಗಾಡಿಗಳೆಲ್ಲ ಹಗಲು ರಾತ್ರಿ ರಸ್ತೆಗೆ ಇಳಿಯುವ ಮುಂಚೆ ಆ ಟೇಪ್ ಕಿತ್ತು, ಕೋಡ್ ಓದಿಸಿಕೊಳ್ಳಿ.